ಮಹಡಿ ಹತ್ತಿದ ಒಲೆ

ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ನಮ್ಮ ಮಾವ ಮೌಲಾಅಲಿ ನನ್ನಿಂದ ಒಂದು ಮಾತು ತೆಗೆದುಕೊಂಡಿದ್ದರು. ನಾನಾಗ ರೊಟ್ಟಿ ಬಡಿಯುತ್ತಿದ್ದೆ. ಅವರು ಅಡುಗೆಮನೆಯ ಹೊಸ್ತಿಲ ಹತ್ತಿರ ಕುಕ್ಕರಗಾಲಲ್ಲಿ ಕುಳಿತು, ಹಂಚಿನ ಮೇಲೆ ರೊಟ್ಟಿ ಉಬ್ಬುವುದನ್ನೇ ನೋಡುತ್ತ ಹೇಳಿದರು:

"ಸಾಯಿರಾ, ಈ ಮನ್ಯಾಗ ಒಲಿ ಎರಡ ಆಗಬಾರ್ದವ್ವ. ಗಂಡಸರಿಗೆ ಹೇಳಿ ಉಪಯೋಗಿಲ್ಲ, ಹೂಂ ಅಂತಾರ, ಮರೀತಾರ. ಒಲಿ ಮುಂದ ಕುಂದ್ರಾಕಿ ನೀ. ನೀ ಮಾತ ಕೊಡು."

ಆ ಭಯ ಅವರಿಗೆ ಸುಮ್ಮನೆ ಹುಟ್ಟಿದ್ದಲ್ಲ. ನಾವು ಗೋಕಾಕದ ನದಾಫರು. ಹತ್ತಿ ಹಿಂಜಿ ಗಾದಿ ಹೊಲಿಯುವವರು. ಮಾವನ ಅಪ್ಪ ತೀರಿಕೊಂಡ ಮೇಲೆ ಮಾವ ಮತ್ತು ಅವರ ಅಣ್ಣ ಬೇರೆಯಾದರಂತೆ. ಪಾತ್ರೆ ಹಂಚಿಕೊಂಡರು, ಅಂಗಳದ ನಡುವೆ ಗೋಡೆ ಎಬ್ಬಿಸಿದರು. ಕೊನೆಗೆ ಹತ್ತಿ ಹಿಂಜುವ ಬಿಲ್ಲು ಉಳಿಯಿತು. ಅದನ್ನು ಬಿಟ್ಟುಕೊಡಲು ಇಬ್ಬರೂ ತಯಾರಿಲ್ಲ. ಬಿಲ್ಲು ಅಣ್ಣನಿಗೆ, ಅದರ ನರಕ್ಕೆ ಹೊಡೆಯುವ ಬಡಿಗೆ ತಮ್ಮನಿಗೆ ಎಂದು ಹಿರಿಯರು ನ್ಯಾಯ ಹೇಳಿದರು. ಆ ಚಳಿಗಾಲದಲ್ಲಿ ಎರಡೂ ಮನೆಗಳಲ್ಲಿ ಒಂದೂ ಗಾದಿ ತಯಾರಾಗಲಿಲ್ಲ. ಆ ಬಡಿಗೆ ಇವತ್ತಿಗೂ ನಮ್ಮ ಅಂಗಡಿಯ ಗೂಟದಲ್ಲಿ ನೇತಾಡುತ್ತಿದೆ. ಈಗ ಹಿಂಜುವುದೆಲ್ಲ ಮಶಿನಿನಲ್ಲಿ, ಆದರೂ ಅದನ್ನು ಇಳಿಸುವ ಧೈರ್ಯ ಯಾರಿಗೂ ಇಲ್ಲ.

"ಆತ್ರಿ ಮಾವ. ನಾ ಇರೋತನಕ ಒಲಿ ಒಂದ," ಎಂದೆ, ಹಿಟ್ಟಿನ ಕೈಯಲ್ಲೇ.

ಆಮೇಲೆ ಮಾವ ಹೋದರು. ಮೈದುನ ಯಾಸೀನನ ಮದುವೆಯಾಗಿ ಮೂಡಲಗಿಯಿಂದ ಕೈನಾತ ಬಂದಳು. ನನಗೆ ಅರ್ಫಾತ ಹುಟ್ಟಿ, ಪಾಟಿಚೀಲ ಹೊತ್ತು ಸಾಲಿಗೆ ಹೋಗುವಷ್ಟಾದ. ಒಲೆ ಒಂದೇ ಉಳಿಯಿತು. ಹಗಲೆಲ್ಲ ಅಂಗಡಿಯಲ್ಲಿ ಗಾದಿಗೆ ಹೊಲಿಗೆ ಹಾಕುವುದು, ಹೊತ್ತು ಮುಳುಗಿದ ಮೇಲೆ ಆ ಒಂದೇ ಒಲೆಯ ಮುಂದೆ ಕೂರುವುದು. ಒಲೆ ಒಂದೇ ಎಂದು ಬಂಧುಬಳಗವೆಲ್ಲ ಹೊಗಳಿತು. ಅದರ ಮುಂದೆ ಕುಳಿತವಳೂ ಒಬ್ಬಳೇ ಎಂದು ಯಾರಿಗೂ ಹೊಳೆಯಲಿಲ್ಲ.

ಈ ಚಳಿಗಾಲದಲ್ಲಿ ಕೈನಾತಳನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕರೆದೊಯ್ಯಲು ಮೂಡಲಗಿಯವರು ದಿನ ನೋಡುತ್ತಿರುವಾಗಲೇ ಕೂಸು ಅವಸರ ಮಾಡಿ ಹುಟ್ಟಿಬಿಟ್ಟಿತು. ಹೆಣ್ಣು ಕೂಸು. ತಿಂಗಳು ತುಂಬಿರಲಿಲ್ಲ. ಘಟಪ್ರಭಾದ ದವಾಖಾನೆಯ ಗಾಜಿನ ಪೆಟ್ಟಿಗೆಯಲ್ಲಿ ಬಹಳ ದಿನ ಮಲಗಿ, ಕೊನೆಗೆ ಮನೆಗೆ ಬರುವಾಗ ನಾವು ತಲೆದಿಂಬಿಗೆ ತುಂಬುವ ಅರಳೆಯಷ್ಟೂ ಭಾರ ಇರಲಿಲ್ಲ. ಬಿಡುಗಡೆಯ ದಿನ ಮಕ್ಕಳ ಡಾಕ್ಟರು ನನ್ನನ್ನು ಮತ್ತು ಯಾಸೀನನನ್ನು ಎದುರಿಗೆ ಕೂರಿಸಿಕೊಂಡರು. ಆಕೆ ಈ ಕಡೆಯವರೇ, ಮಾತು ನೇರ.

"ನೋಡ್ರಿ, ನಿಮಗ ಬರೀ ಮೂಗ ಸೋರೋ ನೆಗಡಿ, ಈ ಕೂಸಿಗೆ ಎದಿಗಿ ಇಳಿತೈತಿ. ಇದರ ಉಸಿರಿನ ನಾಳ ಭಾಳ ಸಣ್ಣದು. ಒಂಚೂರ ಕಫ ಕಟ್ಟಿದ್ರ ಗಾಳಿಗಿ ಹಾದಿ ಇಲ್ಲ. ಮತ್ತ ಗಾಜಿನ ಪೆಟಗಿ, ಮತ್ತ ಆಕ್ಸಿಜನ್. ಈ ಸಲ ಉಳದೈತಿ, ಮುಂದಿನ ಸಲದ್ದು ನಾ ಹೇಳಂಗಿಲ್ಲ. ನೆಗಡಿ ಇದ್ದವರು ಕೂಸಿನ ಕೋಣ್ಯಾಗ ಕಾಲಿಡಬಾರ್ದು."

"ನೆಗಡಿ ಇದ್ದವರನ್ನ ಬಿಡಂಗಿಲ್ರಿ," ಎಂದೆ.

"ಅಷ್ಟ ಸಾಲಂಗಿಲ್ಲ. ಮೂಗ ಸೋರಾಕ ಹತ್ತೋಕಿಂತ ಮೊದಲ ಅದು ಬಾಜೂದವರಿಗೆ ಹತ್ತಿರತೈತಿ. ಮನ್ಯಾಗ ಒಬ್ಬರಿಗೆ ಬಂತಂದ್ರ ಎಲ್ಲಾರಿಗೂ ಬಂದೈತಿ ಅಂತನ ತಿಳ್ಕೋರಿ. ಎಲ್ಲಾರೂ ಹೆಂಗ ಮಲಗ್ತೀರಿ?"

"ಪಡಸಾಲ್ಯಾಗ, ಸಾಲಾಗಿ," ಎಂದ ಯಾಸೀನ.

"ಗಾದಿ ಹೊಲಿಯೋರ ಮನ್ಯಾಗ ಗಾದಿಗೇನ ಬರ ಐತೇನ್ರಿ? ದೂರ ದೂರ ಹಾಸ್ಕೋರಿ."

ಯಾಸೀನ ನಕ್ಕ. ನನಗೆ ನಗು ಬರಲಿಲ್ಲ. ನಮ್ಮ ಮನೆ ನನಗೆ ಗೊತ್ತು.

ನಮ್ಮ ಮನೆಯಲ್ಲಿ ನೆಗಡಿ ಎಂಬ ರೋಗವೇ ಇಲ್ಲ. ಯಾರು ಸೀನಿದರೂ ಅದು ಅರಳೆಯ ಸೀನು, ಯಾರು ಕೆಮ್ಮಿದರೂ ಅರಳೆಯ ಕೆಮ್ಮು. ತಲೆತಲಾಂತರದಿಂದ ಹತ್ತಿಯ ಧೂಳು ಕುಡಿದ ಜನ. ಮೂಗಿನಿಂದ ನೀರಿಳಿದರೆ ಕೈ ತಾನಾಗಿ ಮಶಿನಿನ ಕಡೆ ತೋರಿಸುತ್ತದೆ. ಕೂಸು ಬಂದು ಇನ್ನೂ ವಾರ ತುಂಬಿರಲಿಲ್ಲ, ಅರ್ಫಾತ ಸಾಲಿಯಿಂದ ಮೂಗು ಸೋರಿಸಿಕೊಂಡು ಬಂದ. ಅವನ ತರಗತಿಯಲ್ಲಿ ಅರ್ಧ ಬೆಂಚು ಖಾಲಿಯಂತೆ, ಉಳಿದರ್ಧ ಕೆಮ್ಮುತ್ತಿತ್ತಂತೆ. ಇವನು ಅಂಗಡಿಯ ಕಡೆ ಸುಳಿದೇ ಇರಲಿಲ್ಲ. ಆದರೂ ನಮ್ಮ ಅತ್ತೆ ಸುಗರಾಬಿ ತೀರ್ಪು ಕೊಟ್ಟರು: "ಅರಳಿ. ನಿನ್ನಿ ಅವರಪ್ಪನ ಅಂಗಿ ಮ್ಯಾಲ ಆಡಾಕತ್ತಿದ್ದ."

ನಾನು ಅವನ ಗಾದಿಯನ್ನು ಬಾಗಿಲ ಹತ್ತಿರ ಎಳೆದು ಹಾಕಿದೆ. ಅರ್ಧ ರಾತ್ರಿಯೊಳಗೆ ಅವನು ಅಜ್ಜಿಯ ರಜಾಯಿಯೊಳಗೆ ಹೊಕ್ಕಿದ್ದ. ಅವನಿಗೆಂದು ಬೇರೆ ಲೋಟ ಇಟ್ಟೆ. ಅವನು ಅರ್ಧ ಕುಡಿದು ಬಿಟ್ಟ ಹಾಲನ್ನು ಚೆಲ್ಲಬಾರದೆಂದು ಅತ್ತೆ ಅದೇ ಲೋಟದಿಂದ ಕುಡಿದು ಮುಗಿಸಿದರು. ಬೇರೆ ಟವೆಲು ಕೊಟ್ಟೆ. ನನ್ನ ಗಂಡ ಜಮೀರ ಅದರಲ್ಲೇ ಮುಖ ಒರೆಸಿಕೊಂಡ. "ಒಣಗಿದ್ದು ಇದ ಇತ್ತು" ಎಂದ. ಕಿಟಕಿ ತೆರೆದೆ, ಚಳಿ ಎಂದು ಒಬ್ಬರು ಮುಚ್ಚಿದರು. ಕೊರೋನಾ ಕಾಲದಲ್ಲಿ ನಾನೇ ಗಾದಿ ಬಟ್ಟೆಯಲ್ಲಿ ಹೊಲಿದಿದ್ದ ಪಟ್ಟೆಪಟ್ಟೆ ಮಾಸ್ಕುಗಳನ್ನು ಪೆಟ್ಟಿಗೆಯಿಂದ ತೆಗೆದು ಒಗೆದು ಕೊಟ್ಟೆ.

"ಮಾರಿಗೆ ಗಾದಿ ಕಟ್ಕೊಂಡಂಗ ಆಕ್ಕೈತಿ," ಎಂದು ಜಮೀರ ಅದನ್ನು ಗೂಟಕ್ಕೆ, ಬಡಿಗೆಯ ಪಕ್ಕದಲ್ಲಿ, ನೇತುಹಾಕಿದ.

ಮರುದಿನವಲ್ಲ, ಅದರ ಮರುದಿನ ಅವನ ಕಣ್ಣು ಕೆಂಪಗೆ, ದನಿ ಒಡೆದಿತ್ತು.

"ನೆಗಡಿ ಬಂದೈತ್ರಿ ನಿಮಗ."

"ಅರಳಿ ಧೂಳ. ಮಮದಾಪುರದವರ ಹಳೀ ಗಾದಿ ಬಿಚ್ಚೇನಿ ನಿನ್ನಿ."

"ಅರಳಿಗೆ ಜ್ವರ ಬರತೈತೇನ್ರಿ?"

"ಹಳೀ ಅರಳಿ ಇದ್ರ ಬರತೈತಿ."

ಇಂಥ ಮನುಷ್ಯನ ಜೊತೆ ಏನು ವಾದ ಮಾಡುವುದು? ಸಂಜೆಗೆ ನನಗೂ ಗಂಟಲು ಕೆರೆಯತೊಡಗಿತು. ಒಬ್ಬರಿಂದ ಒಬ್ಬರಿಗೆ ದಾಟುತ್ತ ಅದು ಪಡಸಾಲೆಯ ಸಾಲಿನಲ್ಲಿ ತುದಿ ಮುಟ್ಟಿತ್ತು. ಉಳಿದಿದ್ದು ಒಳಕೋಣೆಯ ಬಾಗಿಲು. ಅದರಾಚೆ ಕೈನಾತ ಮತ್ತು ಕೂಸು. ಅರ್ಫಾತನ ಮೂಗು ಸೋರುವ ಮೊದಲೇ ಗಾದಿ ಹೇರಿಕೊಂಡು ಧುಪದಾಳದ ಕಡೆ ಹೋಗಿದ್ದ ಯಾಸೀನ ಅಂದಷ್ಟೇ ಮರಳಿದ್ದ, ಅವನಿಗಿನ್ನೂ ನೆಗಡಿ ಹತ್ತಿರಲಿಲ್ಲ. ನಾನು ಬಾಗಿಲ ಹೊರಗೇ ತಾಟಿಟ್ಟು ಸರಿಯುತ್ತಿದ್ದೆ. ಒಂದು ಮಧ್ಯಾಹ್ನ ತಾಟಿಡಲು ಹೋದರೆ ಬಾಗಿಲು ಅರೆ ತೆರೆದಿದೆ. ಒಳಗೆ ಅತ್ತೆ, ಕೂಸಿನ ಮುಖದ ಮೇಲೆ ಬಾಗಿಕೊಂಡು, ಉಸಿರು ಬಿಗಿಹಿಡಿದು ನಿಂತಿದ್ದಾರೆ. ಕೈನಾತ ನಿದ್ದೆ ಹೋಗಿದ್ದಳು.

ಅತ್ತೆಯ ಕೈಹಿಡಿದು ಹೊರಗೆ ಕರೆತಂದೆ.

"ಬಾಯಾಗ ಏನೈತ್ರಿ ಅತ್ತಿ?"

"ಲವಂಗ."

"ಯಾಕ?"

"ಹಲ್ಲ ನೋಯಾಕತ್ತೈತಿ."

ಉಬ್ಬಿದ ಆ ದವಡೆಯಲ್ಲಿ ಅವರಿಗೆ ಹಲ್ಲೇ ಇಲ್ಲ. ಕೆಮ್ಮು ಬರಬಾರದೆಂದು ಲವಂಗ ಕಚ್ಚಿಕೊಂಡು ಹೋಗಿದ್ದರು. ನಾನು ನೋಡುತ್ತ ನಿಂತಿದ್ದೇ ತಡ, ತಡೆದ ಕೆಮ್ಮೆಲ್ಲ ಒಟ್ಟಿಗೆ ಹೊರಗೆ ಬಂದು ಅತ್ತೆ ಗೋಡೆ ಹಿಡಿದು ಕುಳಿತರು. ಬೆನ್ನು ಸವರಿದೆ. "ಒಂದ ಸಲ ನೋಡೇನವ್ವ. ಮುಟ್ಟಿಲ್ಲ," ಎಂದರು, ಕಳ್ಳತನದಲ್ಲಿ ಸಿಕ್ಕ ಹುಡುಗಿಯ ಹಾಗೆ.

ಆ ಕ್ಷಣಕ್ಕೇ ತೀರ್ಮಾನ ಮಾಡಿದೆ. ಮಹಡಿಯ ಮೇಲೆ ಒಂದು ಕೋಣೆ ಇದೆ, ಮೆಟ್ಟಿಲು ಅಂಗಳದಿಂದ. ಹೊಲಿದ ಗಾದಿಗಳನ್ನು ಇಡುತ್ತಿದ್ದೆವು. ಅವನ್ನೆಲ್ಲ ಕೆಳಗಿಳಿಸಿ, ಯಾಸೀನನ ಕೈಯಿಂದ ಮೂರು ಸಲ ನೆಲ ಒರೆಸಿಸಿ, ಕೈನಾತ, ಕೂಸು, ಯಾಸೀನ ಮೂವರನ್ನೂ ಮೇಲೆ ಕಳಿಸಿದೆ. ಬಾಣಂತಿಗೆ ಬಿಸಿನೀರು, ಗಂಜಿ ಹೊತ್ತುಹೊತ್ತಿಗೆ ಬೇಕು. ಸೀನುವ ನಾನು ಅದನ್ನು ಮಾಡಿ ಹೊತ್ತೊಯ್ದರೆ ಏನು ಬಂತು? ಊರೂರಿಗೆ ಗಾದಿ ಹೊಲಿಯಲು ಹೋದಾಗ ಒಯ್ಯುವ ಸಣ್ಣ ಗ್ಯಾಸಿನ ಒಲೆ ಇತ್ತು. ಅದನ್ನೂ ಒಂದೆರಡು ಪಾತ್ರೆಗಳನ್ನೂ ಮೇಲಿಡಲು ಜಮೀರನಿಗೆ ಹೇಳಿದೆ. ಮೆಟ್ಟಿಲ ತುದಿಯಲ್ಲಿಟ್ಟು ಇಳಿಯಬೇಕು, ಒಳಗೆ ಹೋಗಕೂಡದು.

ಅಲ್ಲೇ ಕೆಲಸ ಕೆಟ್ಟಿತು. ಎದುರಿಗೆ ದುರ್ಗಪ್ಪನ ಚಾದ ಅಂಗಡಿ. ಜಮೀರ ಒಲೆ ಹೊತ್ತು ಮೆಟ್ಟಿಲು ಹತ್ತುವುದನ್ನು ಅವನು ನೋಡಿದ.

"ಏನ್ ಜಮೀರಣ್ಣ, ಒಲಿ ಮ್ಯಾಲ ಹೊಂಟೈತಿ?"

ಜಮೀರನಿಗೆ ದನಿ ಪೂರ್ತಿ ಹೋಗಿತ್ತು. ಕಣ್ಣು, ಮೂಗು ಎರಡೂ ಸುರಿಯುತ್ತಿದ್ದವು. ಒಂದು ಕೈ ಮೇಲೆತ್ತಿ ಮಹಡಿ ತೋರಿಸಿದ, ತೋಳಿನಿಂದ ಮುಖ ಒರೆಸಿಕೊಂಡ, ಹೋದ. ಅಷ್ಟೇ. ದುರ್ಗಪ್ಪ ಅಂದಿನ ಚಾ ಜೊತೆ ಎಲ್ಲರಿಗೂ ಅದನ್ನೇ ಹಂಚಿದ: ಮೌಲಾಅಲಿಯ ಮಕ್ಕಳು ಬೇರೆಯಾದರು, ದೊಡ್ಡ ಮಗ ಅಳುತ್ತ ಒಲೆ ಹೊತ್ತು ಕೊಟ್ಟ.

ಸಂಜೆಯೇ ಹುಕ್ಕೇರಿಯಿಂದ ಫೋನು. ಅತ್ತೆಯ ತಮ್ಮ ದಸ್ತಗೀರ ಮಾಮಾ. ಅವರೂ ಗಾದಿಯವರೇ, ನಮ್ಮ ಕುಲದಲ್ಲಿ ನ್ಯಾಯ ಹೇಳುವ ಹಿರಿಯರು. ಬಿಲ್ಲು-ಬಡಿಗೆಯ ನ್ಯಾಯ ಹೇಳಿದ್ದು ಅವರ ಅಪ್ಪ.

"ಮಾಮಾ, ಹಂಗೇನಿಲ್ರಿ..." ಎಂದೆ. ಕಟ್ಟಿದ ಮೂಗಿನಿಂದ ನನ್ನ ದನಿ ನನಗೇ ಬೇರೆಯವರದಂತೆ ಕೇಳಿಸಿತು.

"ಅಳಬ್ಯಾಡ ಮಗಳ. ನಾ ಮುಂಜಾನಿ ಬರ್ತೇನಿ."

"ಅಳಾಕತ್ತಿಲ್ರಿ, ನೆಗಡಿ ಐತ್ರಿ. ನೀವ ಬರಬ್ಯಾಡ್ರಿ!"

"ಬರಬ್ಯಾಡ ಅನ್ನೂಮಟ ಹೋಗೇತಿ ಅಂದ್ರ ನಾ ಬರಲಿಕ್ಕೇ ಬೇಕು," ಎಂದು ಫೋನಿಟ್ಟರು.

ಬಂದರು. ಒಬ್ಬರೇ ಅಲ್ಲ, ಕೈನಾತಳ ಅವ್ವ ಮಾಬೂಬಿಯನ್ನೂ ಮೂಡಲಗಿಯಿಂದ ಕರೆಸಿಕೊಂಡು, ಬಸ್ ಸ್ಟ್ಯಾಂಡಿನಲ್ಲಿ ಕೂಡಿ, ಜೊತೆಯಾಗಿ ಬಂದರು. ಕೈಯಲ್ಲಿ ಮಟನ್ ಚೀಲ. ಮುರಿದ ಮನೆ ಕೂಡಿಸುವಾಗ ನಮ್ಮಲ್ಲಿ ಒಂದೇ ಒಲೆಯ ಮೇಲೆ ಮಟನ್ ಬೇಯಿಸಿ, ಒಂದೇ ದೊಡ್ಡ ತಾಟಿನ ಸುತ್ತ ಎಲ್ಲರೂ ಕುಳಿತು, ಒಬ್ಬರ ತುತ್ತು ಒಬ್ಬರಿಗೆ ಕೊಡಬೇಕು. ಮಾಮಾ ಕಾಲಿನ ಜೋಡು ಬಿಡುವ ಮೊದಲೇ ಕೆಮ್ಮಿದರು. ಒಣ ಕೆಮ್ಮಲ್ಲ, ಒಳಗಿನಿಂದ ಬರುವ ಕೆಮ್ಮು. ಮಾಬೂಬಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

"ನಿಮಗೂ ನೆಗಡಿ ಆಗೇತೇನ್ರಿ ಮಾಮಾ?"

"ಬಸ್ಸಿನ ಧೂಳ. ಅದಿರ್ಲಿ, ಕೂಡ್ರು."

ಕೂತೆ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ: ಕೂಸಿನ ಎದೆ, ಸಣ್ಣ ನಾಳ, ಅರ್ಫಾತನ ಸಾಲಿ, ರಜಾಯಿ, ಟವೆಲು. ಮಾಮಾ ಕಣ್ಣು ಮುಚ್ಚಿ ಕೇಳಿದರು. ನನ್ನ ಮಾತು ಮುಗಿದ ಮೇಲೆ ಕಣ್ಣು ತೆರೆದು, "ಖರೆ ಏನ ಆತು ಅದನ್ನ ಹೇಳು," ಎಂದರು.

"ಇದ ಖರೇರಿ!"

"ನೆಗಡಿ ಯಾರಿಗೆ ಬರಂಗಿಲ್ಲ? ನೆಗಡಿಗೆ ಯಾರರೆ ಒಲಿ ಒಡಿತಾರೇನ? ಕರೋನಾ ಹೋಗಿ ಎಷ್ಟ ವರ್ಷ ಆತು, ಇನ್ನೂ ಅದ ಕಥಿ ಹಿಡ್ಕೊಂಡು ಕುಂತಿ. ಅಕ್ಕಾ, ನೀ ಹೇಳು."

ಅತ್ತೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಕೂಸನ್ನು ನೋಡದೆ ಅವರು ಸಂಕಟಪಡುತ್ತಿದ್ದರು. "ನನ್ನ ಮಮ್ಮಗಳನ್ನ ನನಗ ಮುಟ್ಟಾಕ ಬಿಡವಲ್ಲಳು ತಮ್ಮಾ," ಎಂದು ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಅಳುವಿನ ನಡುವೆ ಕೆಮ್ಮಿದರು. ಮಾಬೂಬಿಗೆ ಅಷ್ಟೇ ಸಾಕಾಯಿತು.

"ನನ್ನ ಮಗಳು, ಹಸೀ ಬಾಣಂತಿ, ಮ್ಯಾಲ ತಾನ ಅಡಗಿ ಮಾಡ್ಕೊಂಡ ಉಣ್ಣಾಕತ್ತಾಳು. ಹಿಂಗೂ ಇರತಾರ ವಾರಗಿತ್ತೇರು?"

"ಅಡಗಿ ನಿಮ್ಮ ಅಳಿಯಾ ಮಾಡಾಕತ್ತಾರ್ರಿ ಚಿಗವ್ವ."

"ಅಯ್ಯ, ಅದಂತೂ ಇನ್ನೂ ಚಂದ ಆತು ಬಿಡ!"

ಮಾಮಾ ಎದ್ದರು. "ಮಾತ ಸಾಕು. ನಾ ಮ್ಯಾಲ ಹೋಗಿ ಮೊದಲ ಕೂಸಿನ ಮಾರಿ ಮ್ಯಾಲ ದುವಾ ಓದಿ ಊದ್ತೇನಿ. ಆಮ್ಯಾಲ ಒಲಿ ನಾನ ಹೊತ್ಕೊಂಡ ಕೆಳಗ ತರ್ತೇನಿ. ಮಾಬೂಬಿ, ನೀ ಕೂಸ ಎತ್ಕೊಂಡ ಬಾ. ಒಂದ ತಾಟಿನ್ಯಾಗ ಉಂಡ ಬಿಡೂಣು, ಎಲ್ಲಾ ಸರಿ ಆಕ್ಕೈತಿ."

ಅವರ ದುವಾದ ಮೇಲೆ ನನಗೆ ನಂಬಿಕೆ ಇದೆ. ಅರ್ಫಾತ ಸಣ್ಣವನಿದ್ದಾಗ ಜ್ವರ ಬಂದರೆ ನಾನೇ ಹುಕ್ಕೇರಿಗೆ ಒಯ್ಯುತ್ತಿದ್ದೆ. ಆದರೆ ಆ ದುವಾ ಈಗ ಆ ಕೆಮ್ಮಿನ ಉಸಿರಿನ ಮೇಲೇ ಹತ್ತಿ ಬರಬೇಕು, ಅಂಗೈಯಷ್ಟು ಮುಖದ ಮೇಲೆ. ನಾನು ಓಡಿ ಮೆಟ್ಟಿಲಿಗೆ ಅಡ್ಡ ನಿಂತೆ.

"ಕೆಳಗ ನಿಂತ ಓದ್ರಿ ಮಾಮಾ. ಅಲ್ಲಾಗ ಕೇಳಸತೈತಿ."

"ನನಗ ದೀನ-ಧರ್ಮ ಕಲಸ್ತಿ? ಬಾಜೂ ಸರಿ."

"ಸರಿಯಂಗಿಲ್ರಿ."

ಹಿರಿಯರ ಮುಂದೆ ಹೀಗೆ ನಿಂತದ್ದು ಇದೇ ಮೊದಲು. ಮಾಮಾ ದನಿ ತಗ್ಗಿಸಿದರು. ಅದು ಅವರ ಸಿಟ್ಟಿನ ಕೊನೆಯ ಹಂತ.

"ಸಾಯಿರಾ. ಮೌಲಾಅಲಿಗೆ ನೀ ಮಾತ ಕೊಟ್ಟಿದ್ದಿ. ಅಂವ ಸಾಯೂ ಮುಂದ ನನ್ನ ಮುಂದ ಹೇಳ್ಯಾನ. ಆ ಮಾತ ಐತೋ, ಮುಗಿತೋ? ಬ್ಯಾರಿ ಆಗೀರೋ, ಇಲ್ಲೋ? ಒಂದ ಹೇಳು. ಇಲ್ಲ ಅಂದ್ರ ಬಾಜೂ ಸರಿ, ಒಂದ ಮನಿ, ನಾ ಎಲ್ಲಿ ಬೇಕಾದ್ರೂ ಹೊಕ್ತೇನಿ."

ಆಗಲೇ ನನಗೆ ಹೊಳೆದಿದ್ದು. ನೆಗಡಿಯನ್ನು ಈ ಜನ ನಂಬುವುದಿಲ್ಲ. ಜಗಳವನ್ನು ನಂಬುತ್ತಾರೆ. ಜಗಳಕ್ಕೆ ನಮ್ಮಲ್ಲಿ ಕಾಯಿದೆ ಇದೆ: ಬೇರೆಯಾದ ಮನೆಗೆ, ಆ ಮನೆಯ ಹೆಣ್ಣುಮಗಳು ಬಾ ಎನ್ನದೆ, ಎಂಥ ಹಿರಿಯನೂ ಕಾಲಿಡುವಂತಿಲ್ಲ.

"ಹೌದ್ರಿ ಮಾಮಾ," ಎಂದೆ. "ಬ್ಯಾರಿ ಆಗೇವಿ. ಕೆಳಗಿಂದು ನಂದು, ಮ್ಯಾಲಿಂದು ಕೈನಾತಂದು. ಅಕಿ ಕರದ್ರ ಹೋಗ್ರಿ."

ಎದುರಿನ ದುರ್ಗಪ್ಪ ಚಾ ಸೋಸುವುದನ್ನು ನಿಲ್ಲಿಸಿದ. ಅತ್ತೆ ಅಳು ಮರೆತು ನನ್ನನ್ನೇ ನೋಡಿದರು. ಅವರಿಗೆ ನಿಜ ಗೊತ್ತಿತ್ತು, ಬಾಯಿ ತೆರೆದರು, ಮತ್ತೆ ಮುಚ್ಚಿದರು. ದವಡೆ ಉಬ್ಬಿತ್ತು. ಲವಂಗ ಇನ್ನೂ ಅಲ್ಲೇ ಇತ್ತೇನೋ.

ಮಾಮಾ ತಲೆಯೆತ್ತಿ ಕೂಗಿದರು: "ಕೈನಾತ! ನಾ ಬರಲೇನವ್ವಾ? ನಿಮ್ಮವ್ವನೂ ಬಂದಾಳು!"

ಮೇಲಿನ ಬಾಗಿಲು ತೆರೆಯಲಿಲ್ಲ. ಹುಟ್ಟಿದ ಕೂಸನ್ನು ತನ್ನ ಅವ್ವನ ಉಡಿಯಲ್ಲಿ ಹಾಕಬೇಕೆಂದು ಆ ಹುಡುಗಿ ಎಷ್ಟು ಹಂಬಲಿಸಿದ್ದಳೆಂದು ನನಗೆ ಗೊತ್ತು. ಬಾಗಿಲ ಹಿಂದಿನಿಂದಲೇ ದನಿ ಬಂತು.

"ಇವತ್ತ ಬ್ಯಾಡ್ರಿ ಮಾಮಾ. ಮನಿ ಇನ್ನೂ ಹೊಂದಿಸಿಲ್ಲ. ಅವ್ವಾ, ನೀನೂ ಹೋಗಿ ಬಾ."

ಮಾಮಾ ಜೋಡು ಮೆಟ್ಟಿಕೊಂಡರು. ಬೇರೆಯಾದ ಮನೆಯಲ್ಲಿ ನೀರೂ ಕುಡಿಯುವುದಿಲ್ಲ ಎಂದರು. ಮಾಬೂಬಿ ದಾರಿಯುದ್ದಕ್ಕೂ ಅಳುತ್ತ ಹೋದಳು. ಮಟನ್ ಕೂಡ ವಾಪಸ್ ಹುಕ್ಕೇರಿಗೆ ಹೋಯಿತು.

ಜಮೀರ ಅಂಗಡಿಯಿಂದ ಓಡಿ ಬಂದಾಗ ಅಂಗಳ ಖಾಲಿ. ದನಿ ಅರ್ಧ ಮರಳಿತ್ತು.

"ಮಾಮಾ ನನ್ನ ಮಾರಿ ಸೈತ ನೋಡದ ಹೋದ್ರು. ಏನಂದಿ?"

"ಬ್ಯಾರಿ ಆಗೇವಿ ಅಂದೆ."

ಅವನು ಏನೋ ಹೇಳಲು ಬಾಯಿ ತೆರೆದ, ಸೀನು ಬಂತು.

"ಅರಳಿ," ಎಂದು ನಾನೇ ಹೇಳಿ ಒಳಗೆ ಹೋದೆ.

ಮುಂದಿನ ವಾರ ಹುಕ್ಕೇರಿಯಲ್ಲಿ ಮಾಮಾ ಜ್ವರದಿಂದ ಹಾಸಿಗೆ ಹಿಡಿದರು. ಮೂಡಲಗಿಯಲ್ಲಿ ಮಾಬೂಬಿಯ ಮನೆ ಮಂದಿಯೆಲ್ಲ ಕೆಮ್ಮುತ್ತಿದ್ದರು. ಅತ್ತೆ ಫೋನು ಮಾಡಿ ವಿಚಾರಿಸಿದರೆ ಮಾಮಾ, "ಬಸ್ಸಿನ ಧೂಳ," ಎಂದರಂತೆ. ಆ ಕಡೆ ಮಾತ್ರ ಸುದ್ದಿ ಬಲು ವೇಗದಲ್ಲಿ ಹಬ್ಬಿತ್ತು: ಗೋಕಾಕದ ಮನೆ ಒಡೆಯಿತು, ದೊಡ್ಡ ಸೊಸೆ ಮೆಟ್ಟಿಲಿಗೆ ಅಡ್ಡ ನಿಂತಳು, ಹಿರಿಯರಿಗೆ ಎದುರು ಮಾತಾಡಿದಳು. ನಮಗಾಗಲಿ, ನಮ್ಮ ನೆಗಡಿಗಾಗಲಿ ಅಷ್ಟು ವೇಗ ಇರಲಿಲ್ಲ.

ಕೂಸಿಗೆ ಏನೂ ಆಗಲಿಲ್ಲ. ನನ್ನ ನೆಗಡಿ ಬಿಟ್ಟ ಮೇಲೆ ತಪಾಸಣೆಗೆ ಒಯ್ದಾಗ ಡಾಕ್ಟರು ಎದೆಗೆ ಕೊಳವೆ ಹಚ್ಚಿ ಬಹಳ ಹೊತ್ತು ಕೇಳಿ, "ಸ್ವಚ್ಛ ಐತಿ. ಭಾರಾನೂ ಏರೈತಿ," ಎಂದರು. "ಮನ್ಯಾಗ ಎಲ್ಲಾರೂ ಹೇಳಿದ್ದ ಕೇಳ್ಯಾರ ಅಂದಂಗ ಆತು."

ಯಾಸೀನ ನನ್ನ ಕಡೆ ನೋಡಿದ. ನಾನು ಗೋಡೆ ನೋಡಿದೆ.

ಎಲ್ಲರ ಮೂಗು ಒಣಗಿ, ಅತ್ತೆಯ ಕೆಮ್ಮು ನಿಂತ ಮೇಲೆ, ಅವರನ್ನೇ ಮುಂದೆ ಮಾಡಿಕೊಂಡು ಮಹಡಿ ಹತ್ತಿದೆ. ಅವರು ಸೋಪು ಹಚ್ಚಿ ಕೈ ತೊಳೆದು, ಕೂಸನ್ನು ಉಡಿಗೆ ಹಾಕಿಕೊಂಡು, ಲವಂಗವಿಲ್ಲದ ಬಾಯಿಂದ ಏನೇನೋ ಹೆಸರಿಟ್ಟು ಕರೆದರು. ನಾನು ಒಲೆ ಎತ್ತಲು ಬಾಗಿದೆ. ಅದರ ಮೇಲೆ ಅನ್ನ ಕುದಿಯುತ್ತಿತ್ತು.

"ಅಕ್ಕಾ," ಎಂದಳು ಕೈನಾತ, ನೆಲ ನೋಡುತ್ತ, "ಇನ್ನೂ ಸ್ವಲ್ಪ ದಿನ ಇರ್ಲಿ. ಖರೆ ಹೇಳ್ಬೇಕಂದ್ರ ಇಲ್ಲಿ ನನಗ ಚಲೋ ಅನಸೇತಿ. ನಿಮ್ಮ ಮೈದುನ ಚಾ ಮಾಡಾಕ ಕಲ್ತಾರ. ನಿಮಗೂ ಒಂದೀಟ ಹಗುರ ಆತಲ್ಲ?"

ಹಗುರಾಗಿತ್ತು. ಅದನ್ನೇ ನಾನು ಯಾರ ಮುಂದೆಯೂ ಹೇಳಿರಲಿಲ್ಲ. ಅಷ್ಟರಲ್ಲಿ ಕೆಳಗೆ ಅಂಗಳದಲ್ಲಿ ಸಾಲಿಯಿಂದ ಬಂದ ಅರ್ಫಾತ ಚೀಲ ಎಸೆದ ಸದ್ದು, ಅದರ ಬೆನ್ನಿಗೇ ಎರಡು ಸೀನು.

"ಅರಳಿ!" ಎಂದು ಅಲ್ಲಿಂದಲೇ ಕೂಗಿದ, ನಾನು ಕೇಳುವ ಮೊದಲೇ.

ನಾನು ಒಲೆಯಿಂದ ಕೈ ತೆಗೆದೆ. "ಮ್ಯಾಲ ಬರಬ್ಯಾಡ," ಎಂದು ಅವನಿಗೆ ಹೇಳಿ, ಬಾಗಿಲೆಳೆದುಕೊಂಡು ಇಳಿದೆ.

ಒಲೆ ಈಗಲೂ ಮಹಡಿಯ ಮೇಲಿದೆ. ಯಾಸೀನ ಅದಕ್ಕೆ ದೊಡ್ಡ ಸಿಲಿಂಡರು ತಂದಿದ್ದಾನೆ. ಮಾವನಿಗೆ ಕೊಟ್ಟ ಮಾತನ್ನು ನಾನು ಮುರಿದಿದ್ದೇನೆ.